ಹಾಡು ಬಿಡಿಸುವ ಜ್ಞಾನದೇವ

ನಿಪ್ಪಾಣಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿರುವ ಜ್ಞಾನದೇವನಿಗೆ ಉದ್ದನೆಯದು ಯಾವುದನ್ನು ಕಂಡರೂ ಆಗದು. ತೊಟ್ಟಿಲ ಕಾರ್ಯದಲ್ಲಿ ಹೆಂಗಸರು ಮಧ್ಯಾಹ್ನವಿಡೀ ಹಾಡಿದ್ದನ್ನು ಯಾರಾದರೂ ಟೇಪು ಮಾಡಿ ತಂದರೆ ಸಾಕು, ಕೆಮ್ಮು, ಕೂಸಿನ ಅಳು, ಚಹಾದ ಗದ್ದಲ ಎಲ್ಲ ಸೋಸಿ, ಒಂದೊಂದೇ ಹಾಡನ್ನು ಬಿಡಿಸಿ ಹೊಸ ಕ್ಯಾಸೆಟ್ಟಿಗೆ ಇಳಿಸುತ್ತಾನೆ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಮರಾಠಿ. ಹಾಡು ಹಾಡಿನ ನಡುವೆ ಒಂದು ಉಸಿರಿನಷ್ಟು ಮೌನ. ಈ ಚಟ ಮನೆಗೂ ಬಂದಿದೆ. ಹೆಂಡತಿ ಶೇವಂತಾ ಸಂತೆಯ ಸುದ್ದಿಯಿಂದ ನೆಗೆಣ್ಣಿಯ ಸುದ್ದಿಗೆ ಹೊರಳಿದರೆ, ಗುಂಡಿ ಒತ್ತುವವನಂತೆ ಬೆರಳೆತ್ತಿ, "ತಡಿ, ಅದು ಬ್ಯಾರೆ ಹಾಡು" ಅನ್ನುತ್ತಾನೆ. ಇಂಥವನು ಮೊನ್ನೆ ಒಬ್ಬ ಮುದುಕಿಯ ಜೋಗುಳವನ್ನು, ಅದು ಮರಾಠಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿದರೂ, ತುಂಡು ಮಾಡದೆ ಎರಡೂ ಬದಿಗೆ ಇಡಿಯಾಗಿ ಹಾಕಿಕೊಟ್ಟ. ತನ್ನ ಮೊಮ್ಮಗಳ ತೊಟ್ಟಿಲ ಕಾರ್ಯದ ಆ ಟೇಪು ತಂದಿದ್ದ ಅಕ್ಕೋಳದ ಮುರಗೆಪ್ಪ, "ಇದನ್ಯಾಕ ಹಿಂಗ ಬಿಟ್ಟಿ?" ಎಂದ. ಜ್ಞಾನದೇವ ತಲೆ ತಗ್ಗಿಸಿ ಕ್ಯಾಸೆಟ್ಟಿನ ಡಬ್ಬಿ ಒರೆಸುತ್ತ ಹೇಳಿದ: "ನಮ್ಮವ್ವ ಇದನ್ನ ಹಾಡಿ ಮಲಗಸ್ತಿದ್ಳ್ರಿ. ಮರಾಠಿ ಮುಗಿಯೂದ್ರಾಗ ನನಗ ನಿದ್ದಿ ಹತ್ತತಿತ್ತು. ಮುಂದ ಕನ್ನಡನೂ ಐತಿ ಅಂತ ಈ ಟೇಪು ಕೇಳಿದ ಮ್ಯಾಲೆ ಗೊತ್ತಾತ್ರಿ."