ಸೂಜಿ ಚುಚ್ಚದ ರಕ್ತದಾನ

ಗೆಳೆಯರೇ, ರಕ್ತದಾನಿಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹುಮನಾಬಾದಿನ ಆಸ್ಪತ್ರೆಗೆ ಓಡಾಡುತ್ತಲೇ ಶಾಸಕನಾದವನು ನಾನು. ಇಂದು ಬೆಳಿಗ್ಗೆ ಬಸವಕಲ್ಯಾಣದ ರಕ್ತದಾನ ಶಿಬಿರದಲ್ಲಿ ಮಂಚದ ಮೇಲೆ ಮಲಗಿ ಫೋಟೊ ತೆಗೆಸಿಕೊಂಡು ಇಲ್ಲಿ ಹಾಕಿದೆ. ಮುಂದಿನ ಕಾರ್ಯಕ್ರಮಕ್ಕೆ ತಡವಾಗಿದೆಯೆಂದು ಸೂಜಿ ಚುಚ್ಚಿಸಿಕೊಳ್ಳದೆ ಎದ್ದೆ.

ಬಾಗಿಲಲ್ಲಿ ಕುರಿ ಸಾಕುವ ಅಜ್ಜಿಯೊಬ್ಬರು ಕೈಮುಗಿದರು. "ಸೊಸಿ ಹೆರಿಗಿಗಿ ದವಾಖಾನ್ಯಾಗ ಅದಾಳ್ರಿ ಸಾಹೇಬ್ರ, ರಕ್ತ ಕಮ್ಮಿ ಅದ ಅಂತಾರ. ಈಗ ನೀವು ಕೊಟ್ಟಿದ್ದು ಆಕಿಗಿ ಹಾಕ್ತಾರೇನ್ರಿ?"

ಮರಳಿ ಹೋಗಿ ಮಲಗಿದೆ. ನರ್ಸ್ ಪರೀಕ್ಷಿಸಿ, "ಬಿ.ಪಿ. ಭಾಳ ಅದರಿ ಸರ್, ನಿಮ್ಮ ರಕ್ತ ತಗೊಳ್ಳಾಕ ಬರಂಗಿಲ್ಲ" ಎಂದರು. ನನ್ನ ಬದಲು ಡ್ರೈವರ್ ಮಲಗಿ ರಕ್ತ ಕೊಟ್ಟ.

ಅಜ್ಜಿ ನನ್ನನ್ನೇ ಸಮಾಧಾನ ಮಾಡಿದರು: "ಇರ್ಲಿ ಬಿಡ್ರಿ, ಎರಡ ಸಲ ಮಲ್ಕೊಂಡ್ರಲ್ಲ, ಅಷ್ಟ ಸಾಕ್ರಿ."

ಬೆಳಗಿನ ಫೋಟೊ ಮೆಚ್ಚಿದವರು ಆ ಮೆಚ್ಚುಗೆಯನ್ನು ದಯವಿಟ್ಟು ನನ್ನ ಡ್ರೈವರ್‌ಗೆ ಕೊಡಿ.