ಗೋಡೆ ಅವರದು, ಮೊಳೆ ನನ್ನದು

ನಮ್ಮ ವಠಾರದ ಒಡತಿಯ ಬಲಗೈಯ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಸುಣ್ಣ ತಿಂದುಹಾಕಿತ್ತು. ವಯಸ್ಸಿನಲ್ಲಿ ಗಂಡನ ಜೊತೆ ನಿಂತು ಮಣ್ಣು ತುಳಿದು, ಸುಣ್ಣ ಕಲಸಿ, ಒಂದೊಂದೇ ಮನೆ ಎಬ್ಬಿಸಿದ ಕೈ ಅದು. ಅಂಗೈ ಬೆಳ್ಳಗೆ, ನುಣ್ಣಗೆ, ತೊಳೆದಿಟ್ಟ ತಟ್ಟೆಯ ಹಾಗೆ ಕಾಣುತ್ತಿತ್ತು. ಒಮ್ಮೆ ಕೈ ನೋಡಿ ಭವಿಷ್ಯ ಹೇಳುವವನೊಬ್ಬ ವಠಾರಕ್ಕೆ ಬಂದ. ಅವರ ಕೈ ಹಿಡಿದು ಅತ್ತಿತ್ತ ತಿರುಗಿಸಿದ. ಬೆಳಕಿಗೆ ಹಿಡಿದ. ಏನೂ ಸಿಗದೆ ಬಿಟ್ಟುಬಿಟ್ಟ.

"ನನ್ನ ಹಣೇಬರಹಕ್ಕೆ ನಾನೇ ಸುಣ್ಣ ಬಳದು ಮುಚ್ಚೀನಪಾ, ನಿಂಗೆಲ್ಲಿ ಕಾಣ್ಬೇಕು?" ಎಂದು ಅವನ ಜೋಳಿಗೆಗೆ ಒಂದು ಬೊಗಸೆ ಮಂಡಕ್ಕಿ ಸುರಿದು ಕಳಿಸಿದರು. ದುಡ್ಡು ಕೊಡಲಿಲ್ಲ. "ಹೇಳದಿದ್ದ ಭವಿಷ್ಯಕ್ಕೆ ಎಂಥ ದುಡ್ಡು?"

ದಾವಣಗೆರೆಯ ಹಳೇ ಪೇಟೆಯ ಹಿಂದಿನ ಓಣಿಯಲ್ಲಿ ಅವರ ವಠಾರ. ಐವತ್ತರ ದಶಕದ ಮಾತು ಇದು. ನಾನು ಹತ್ತಿ ಮಿಲ್ಲಿನಲ್ಲಿದ್ದೆ. ಮದುವೆಯಾದ ಮೇಲೆ ಹೆಂಡತಿಯನ್ನು ಕರೆತಂದು ಅಲ್ಲಿ ಮನೆ ಹಿಡಿದೆ. ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಅಡಿಗೆಮನೆ, ಮೇಲೆ ಹಂಚು, ಸುತ್ತ ಮಣ್ಣಿನ ಗೋಡೆ. ಒಡತಿಯನ್ನು ಎಲ್ಲರೂ ಎದುರಿಗೆ ದೊಡ್ಡಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಮೊಳೆಯಮ್ಮ ಎನ್ನುತ್ತಿದ್ದರು.

ಆ ಹೆಸರು ಯಾಕೆಂದು ನನಗೆ ಮೊದಲ ದಿನವೇ ತಿಳಿಯಿತು. ಮುಂಗಡ ನೂರು ರೂಪಾಯಿ ಎಣಿಸಿ ಕೊಟ್ಟಿದ್ದೆ. ಹೆಂಡತಿಯ ತವರಿನವರು ಹಾಕಿದ್ದ ಬಂಗಾರದ ಬಳೆ ಮಾರಿ ಬಂದ ದುಡ್ಡು. ಅದರಲ್ಲಿ ಒಂದು ನೋಟಿಗೆ ಅವಳ ಕೈಯ ಅರಿಶಿನ ಹತ್ತಿತ್ತು. ದೊಡ್ಡಮ್ಮ ಆ ನೋಟನ್ನು ಒಂದು ಗಳಿಗೆ ನೋಡಿ, ಎಲ್ಲವನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡು, ನನ್ನ ಕೈಯಲ್ಲಿದ್ದ ಸುತ್ತಿಗೆಯ ಕಡೆ ಕಣ್ಣು ಹಾಯಿಸಿದರು.

"ಏನದು?"

"ದೇವ್ರ ಫೋಟೋಕ್ಕೆ ಒಂದು ಮೊಳೆ ಹೊಡಿಬೇಕಿತ್ತು ದೊಡ್ಡಮ್ಮ. ಉಕ್ಕಡಗಾತ್ರಿ ಅಜ್ಜಯ್ಯಂದು."

"ಹೊಡಿ. ದೇವ್ರಿಗೆ ಬ್ಯಾಡ ಅನ್ನಾಕೆ ನಾನ್ಯಾರು? ಆದ್ರೆ ಮೊಳೆಗೆ ಎಂಟಾಣೆ. ಮನಿ ಬಿಡೋವಾಗ ಹಿಡಕಂತೀನಿ."

ದೇವರ ಮೊಳೆಗೂ ಎಂಟಾಣೆಯೇ!

"ಇನ್ನೊಂದು ಮಾತು," ಎಂದರು. "ಬಂದಾಗ ಹೆಂಗೈತೋ ಹೋಗೋವಾಗ ಹಂಗೇ ಇರ್ಬೇಕು. ಅಷ್ಟೇ ನಂದು."

ಪಕ್ಕದ ಮನೆಯಲ್ಲಿ ಹತ್ತಿ ಮಂಡಿಯ ಹಮಾಲನೊಬ್ಬ ಇದ್ದ. ಮಾತುಗಾರ. ಅವನು ಅಂದು ಸಂಜೆಯೇ ನನಗೆ ಬುದ್ಧಿ ಹೇಳಿದ: "ತಮ್ಮಾ, ಆ ದುಡ್ಡಿನ ಆಸೆ ಬಿಡು. ಮೊಳೆಗಿಷ್ಟು, ಮಸಿಗಿಷ್ಟು, ಒಡೆದ ಹಂಚಿಗಿಷ್ಟು ಅಂತ ಹಿಡದು ಹಿಡದು, ಕಡೀಕೆ ನಿನ್ನ ಕೈಗೆ ಬಸ್‌ಚಾರ್ಜ್ ಇಟ್ಟು ಕಳಸ್ತಾಳೆ. ಆ ಕೊನೀ ಮನ್ಯಾಗಿದ್ದೋನು ಒಲಿ ಬಿಟ್ಟು ಹೋದ ಅಂತ ಅದಕ್ಕೂ ಹಿಡಿದ್ಲು."

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದಲಿಲ್ಲ, ನಿಜ. ಆದರೆ ಮೈ ಮುರಿದು ದುಡಿಯುವುದರಲ್ಲಿ ನನ್ನನ್ನು ಹಿಂದೆ ಹಾಕಿದವರು ಮಿಲ್ಲಿನ ನಮ್ಮ ಖಾತೆಯಲ್ಲಿ ಯಾರೂ ಇರಲಿಲ್ಲ. ಜಂಭಕ್ಕೆ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತೇನೆ. ಇನ್ನೊಬ್ಬರ ಎದುರು ಕೈ ಚಾಚುವುದೆಂದರೆ ನನಗೆ ಆಗದು. ನನ್ನ ನೂರು ರೂಪಾಯಿ ಪೂರ್ತಿ ವಾಪಸ್ ಪಡೆಯಬೇಕು, ಎಂಟಾಣೆ ಕಳೆದು. ಅಂದೇ ಹಟ ಹಿಡಿದೆ. ಆ ಒಂದು ಮೊಳೆ ಬಿಟ್ಟರೆ ಆ ಮನೆಯ ಗೋಡೆಗೆ ನಾನು ಇನ್ನೊಂದು ಮೊಳೆ ಹೊಡೆಯಲಿಲ್ಲ. ಅಂಗಿಯನ್ನು ಹಗ್ಗಕ್ಕೆ ಹಾಕಿದೆ. ತೊಟ್ಟಿಲನ್ನು ಮೇಲಿನ ತೊಲೆಗೆ ಕಟ್ಟಿದೆ.

ದೊಡ್ಡಮ್ಮನದೊಂದು ರೂಢಿ. ಮಳೆಗಾಲ ಬಂತೆಂದರೆ ಎಲ್ಲರ ಮನೆಗೂ ಬರುತ್ತಿದ್ದರು. ಹೇಳದೆ ಕೇಳದೆ ಒಳಗೆ ನುಗ್ಗಿ, ಗೋಡೆಗೆ ಆ ಬೋಳು ಅಂಗೈ ಇಟ್ಟು, ಕಣ್ಣು ಅರೆಮುಚ್ಚಿ ನಿಲ್ಲುತ್ತಿದ್ದರು. ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. "ಏನ್ ನೋಡ್ತೀರಿ ದೊಡ್ಡಮ್ಮ?" ಎಂದು ಹೆಂಡತಿ ಕೇಳಿದರೆ, "ಜ್ವರ ಐತಾ ನೋಡ್ತೀನಿ ಮಗಳೇ," ಎನ್ನುತ್ತಿದ್ದರು. ನಮಗೆ ಅದು ನಗೆಪಾಟಲು. ಮೊಳೆಯ ತೂತು ಹುಡುಕಲು ಬರುತ್ತಾರೆ ಎಂದೇ ಹಮಾಲ ಹೇಳುತ್ತಿದ್ದ. ನಾನೂ ನಂಬಿದ್ದೆ.

ಹೀಗೇ ಕೆಲವು ವರ್ಷ ಕಳೆಯಿತು. ಅಷ್ಟರಲ್ಲಿ ಹರಿಹರದ ಯಂತ್ರದ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮಿಲ್ಲಿಗಿಂತ ಒಳ್ಳೆಯ ಪಗಾರ. ಆದರೆ ಪಾಳಿಯ ಕೆಲಸ, ಹತ್ತಿರವೇ ಮನೆ ಮಾಡಬೇಕು. ಹೊಳೆಯ ಕಡೆಯ ಓಣಿಯಲ್ಲಿ ಒಂದು ಮನೆ ನೋಡಿ ಬಂದೆ. ಆ ಮನೆಯವರು ಖಡಾಖಂಡಿತ ಹೇಳಿದರು: ಸೋಮವಾರದ ಒಳಗೆ ಮುಂಗಡ ತಂದರೆ ಮನೆ ನಿಮ್ಮದು, ಇಲ್ಲದಿದ್ದರೆ ಕೇಳುವವರು ಬೇಕಾದಷ್ಟಿದ್ದಾರೆ. ನನ್ನ ಕೈಯಲ್ಲಿ ಬೇರೆ ದುಡ್ಡಿರಲಿಲ್ಲ. ದೊಡ್ಡಮ್ಮನ ಗಂಟಿನಲ್ಲಿದ್ದ ಆ ನೂರು ರೂಪಾಯಿ ಬಂದರೆ ಹರಿಹರದಲ್ಲಿ ಮನೆ, ಮನೆ ಇದ್ದರೆ ಕೆಲಸ. ಬರದಿದ್ದರೆ ಎರಡೂ ಇಲ್ಲ. ಮಿಲ್ಲಿನಲ್ಲಿ ಆಗಲೇ ಕೆಲಸ ಬಿಟ್ಟಾಗಿತ್ತು.

ಭಾನುವಾರಕ್ಕೆ ಚಕ್ಕಡಿ ಗೊತ್ತು ಮಾಡಿ ನಾನು ಕೆಲಸಕ್ಕೆ ಕೂತೆ. ದೊಡ್ಡಮ್ಮನ ಬಾಯಿಗೆ ಒಂದು ಮಾತೂ ಸಿಗಬಾರದು, ಹಾಗೆ ಮಾಡಬೇಕು ಎಂದುಕೊಂಡೆ. ಬಂದಾಗ ಹೇಗಿತ್ತೋ ಹಾಗೆ! ಅಡಿಗೆಮನೆಯ ಹಿಂದಿನ ಗೋಡೆಗೆ ಹೊಂದಿಸಿ ಹೆಂಡತಿ ಮಣ್ಣಿನ ಕಟ್ಟೆ ಹಾಕಿ ಅದರ ಮೇಲೆ ಒಲೆ ಕಟ್ಟಿದ್ದಳು. ಪಕ್ಕದಲ್ಲೇ ನೆಲದಲ್ಲಿ ಒರಳುಕಲ್ಲು ಹೂತಿದ್ದೆವು. ನಾವು ಬಂದಾಗ ಇವು ಇರಲಿಲ್ಲ. ಗುದ್ದಲಿ ತಂದೆ.

ಹೆಂಡತಿ ಅಡ್ಡ ಬಂದಳು. "ಮನಿ ಬಿಡೋರು ಯಾರಾದ್ರೂ ಒಲಿ ಕೀಳ್ತಾರಾ? ಹಿಂದೆ ಬರೋಳು ಹಚ್ಚಲಿ ಅಂತ ಬಿಟ್ಟು ಹೋಗ್ತಾರೆ. ಹೊಟ್ಟೆ ತಣ್ಣಗಿರಲ್ಲ, ಬ್ಯಾಡ."

"ಆ ಒಲಿಗೂ ದುಡ್ಡು ಹಿಡಕಂತಾಳೆ ಮೊಳೆಯಮ್ಮ. ಆಮೇಲೆ ಸೋಮವಾರಕ್ಕೆ ನಿಮ್ಮಪ್ಪ ತಂದು ಕೊಡ್ತಾನಾ?"

ಅವಳು ಪಕ್ಕಕ್ಕೆ ಸರಿದಳು. ನಾನು ಒಲೆ ಕಿತ್ತೆ. ಕಟ್ಟೆ ಕಿತ್ತೆ. ಒರಳುಕಲ್ಲನ್ನು ಮೀಟಿ ಎತ್ತಿದೆ. ಆ ಗುಂಡಿಗೆಲ್ಲ ಮಣ್ಣು ತುಂಬಿ, ಕೊಡಗಟ್ಟಲೆ ನೀರು ಸುರಿದು, ದಿಮ್ಮಸು ಬಡಿದು, ನೆಲ ಸಾರಿಸಿದೆ. ಆಮೇಲೆ ಮನೆಗೆಲ್ಲ ಸುಣ್ಣ. ಒಂದು ಕೈ ಸಾಲದು ಎಂದು ಇನ್ನೊಂದು, ಅದರ ಮೇಲೆ ಮತ್ತೊಂದು. ಮನೆ ಮದುಮಗಳ ಹಾಗಾಯಿತು. ಹಮಾಲ ಬಾಗಿಲಲ್ಲಿ ನಿಂತು, "ಏನಪಾ, ಮನಿ ಬಿಡ್ತಿದೀಯೋ, ಮನೀಗೆ ಮದುವಿ ಮಾಡ್ತಿದೀಯೋ?" ಎಂದು ನಕ್ಕ. ನಗಲಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಚಕ್ಕಡಿ ಬಂದು ನಿಂತಿತು. ಸಾಮಾನು ಏರಿಸಿದೆವು. ಹೆಂಡತಿ ಅಡಿಗೆಮನೆಯಲ್ಲಿ ಹಿಂದಿನ ಗೋಡೆಗೆ ಒರಗಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಗೋಡೆ ತಂಪಾಗಿತ್ತು, ಸೆಕೆಗೆ ಹಿತವಾಗಿತ್ತು. ದೊಡ್ಡಮ್ಮ ಬಂದರು. ನಾನು ಎದೆ ಸೆಟೆಸಿ ನಿಂತೆ.

ಮುಂದಿನ ಕೋಣೆಯ ಗೋಡೆಗಳಿಗೆ ಒಂದೊಂದಕ್ಕೂ ಅಂಗೈ ಇಟ್ಟರು. ನನ್ನ ಸುಣ್ಣದ ಕಡೆ ನೋಡಲೂ ಇಲ್ಲ. ಮೊಳೆಯ ಹತ್ತಿರ ನಿಂತು, "ಒಂದೇನಾ?" ಎಂದರು. "ಒಂದೇ," ಎಂದೆ. ಹೂಂ ಎಂದು ಅಡಿಗೆಮನೆಗೆ ನಡೆದರು. ಹೊಸ್ತಿಲಲ್ಲೇ ನಿಂತುಬಿಟ್ಟರು.

"ಒಲಿ ಎಲ್ಲೈತೆ?"

"ಕಿತ್ತೆ ದೊಡ್ಡಮ್ಮ. ಒಳ್ಳುಕಲ್ಲನ್ನೂ ಕಿತ್ತೆ. ಬಂದಾಗ ಇರ್ಲಿಲ್ಲಲ್ಲ. ನೀವೇ ಹೇಳಿದ್ರಿ."

"ನೀರು ಹಾಕ್ದ್ಯಾ?"

"ಹಾಕ್ದೇ ನೆಲ ಕೂರುತ್ತಾ? ಬೇಕಾದಷ್ಟು ಹಾಕೀನಿ."

ಅವರು ಸರಸರನೆ ಹೋಗಿ ಹಿಂದಿನ ಗೋಡೆಗೆ, ಹೆಂಡತಿಯ ತಲೆಯ ಮೇಲುಗಡೆ, ಅಂಗೈ ಇಟ್ಟರು. ಮರುಕ್ಷಣ ಹೆಂಡತಿಯ ರಟ್ಟೆಗೆ ಕೈ ಹಾಕಿ, ಕೂಸಿನ ಸಮೇತ ಎಳೆದು ನಿಲ್ಲಿಸಿದರು.

"ಹೊರಗೆ ನಡೀರಿ. ಈಗ್ಲೇ. ಎಲ್ರೂ!"

ನನಗೆ ಸಿಟ್ಟು ನೆತ್ತಿಗೇರಿತು. ಇದೇ ಇವರ ಆಟ, ಹೀಗೇ ಎಲ್ಲರನ್ನೂ ಹೊರಗಟ್ಟಿ ದುಡ್ಡು ನುಂಗುತ್ತಾರೆ ಎಂದುಕೊಂಡೆ. ಮುಂದಿನ ಬಾಗಿಲಿಗೆ ಅಡ್ಡಲಾಗಿ ನಿಂತೆ. "ಅಡ್ವಾನ್ಸ್ ಕೈಗೆ ಬರೋವರ್ಗೂ ನಾವು ಹೊಸ್ಲು ದಾಟಂಗಿಲ್ಲ. ಏನ್ ಮಾಡ್ಕಂತೀರೋ ಮಾಡ್ಕಳ್ರಿ!"

ಏನು ಮಾಡಿದರು ಗೊತ್ತೇ? ಕೆನ್ನೆಗೆ ಬಾರಿಸಿದರು. ನಮ್ಮಪ್ಪ ಕೂಡ ನನ್ನ ಮೇಲೆ ಕೈ ಎತ್ತಿದವನಲ್ಲ. ಗೆರೆಯಿಲ್ಲದ ಆ ಅಂಗೈ ಕಲ್ಲಿನ ಹಾಗೆ ಬಿತ್ತು. ತಲೆ ಗಿಮ್ಮೆಂದಿತು. ನಾನು ತತ್ತರಿಸಿದ್ದರಲ್ಲೇ ಅವರು ಹೆಂಡತಿಯನ್ನು ಮುಂದಕ್ಕೆ ನೂಕಿ, ನನ್ನ ಎದೆಗೆ ಎರಡೂ ಕೈ ಕೊಟ್ಟು ಅಂಗಳಕ್ಕೆ ತಳ್ಳಿದರು. ತಾವೂ ಹಾರಿ ಬಂದರು.

ಹಿಂದೆ ಒಂದು ಸದ್ದು. ಹತ್ತಿಯ ಅಂಡಿಗೆ ಮೂಟೆ ಎತ್ತರದಿಂದ ಬಿದ್ದ ಹಾಗೆ, ಬರೀ ಧಪ್ ಅಂತ. ಆಮೇಲೆ ಹಂಚುಗಳು ಒಂದರ ಮೇಲೊಂದು ಜಾರಿದ ಸದ್ದು. ಬಾಗಿಲಿನಿಂದ ಬೆಳ್ಳನೆಯ ಧೂಳು ನುಗ್ಗಿ ಬಂತು. ಧೂಳು ಇಳಿದ ಮೇಲೆ ನೋಡಿದರೆ, ಮುಂದಿನ ಬಾಗಿಲಿನಿಂದ ಹಿತ್ತಲಿನ ಬಾಳೆಗಿಡ ನೇರವಾಗಿ ಕಾಣುತ್ತಿತ್ತು. ನಡುವೆ ಗೋಡೆ ಇರಲಿಲ್ಲ. ಹೆಂಡತಿ ಕೂತಿದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ, ಅದರ ಮೇಲೆ ನನ್ನ ಮೂರು ಕೈ ಸುಣ್ಣ.

ನಾನು ಅಂಗಳದಲ್ಲೇ ಕೂತುಬಿಟ್ಟೆ. ಹೆಂಡತಿ ಅಳಲಿಲ್ಲ, ಬಾಯಿ ತೆರೆದು ಆ ಬಾಳೆಗಿಡವನ್ನೇ ನೋಡುತ್ತಿದ್ದಳು. ಕೂಸು ಮಾತ್ರ ಅತ್ತಿತು. ಸದ್ದಿಗೆ ಹಮಾಲ, ವಠಾರದವರೆಲ್ಲ ಓಡಿ ಬಂದರು. ಇಂದಿಗೂ ಎಲ್ಲಿಯಾದರೂ ಹಸಿ ಸುಣ್ಣದ ವಾಸನೆ ಬಂದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಆಮೇಲೆ ಎದ್ದು ಅವರ ಮುಂದೆ ನಿಂತೆ. "ದೊಡ್ಡಮ್ಮ, ದುಡ್ಡು ನೀವೇ ಹಿಡಕಳ್ರಿ. ಸಾಲದಿದ್ರೆ ನಾನೇ ಬಂದು ಗೋಡೆ ಕಟ್ಟಿಕೊಡ್ತೀನಿ." ಹಾಗೆಂದಾಗ ಹರಿಹರದ ಮನೆ, ಕೆಲಸ ಎಲ್ಲ ಹೊಳೆಯಲ್ಲಿ ತೇಲಿ ಹೋದಂತೆ ಕಂಡಿತು. ಆದರೂ ಅಂದೆ. ತಲೆ ಎತ್ತಿ ಬದುಕಿದವನು ನಾನು.

ದೊಡ್ಡಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತಿದ್ದರು.

"ನಿನ್ನ ಗ್ವಾಡೆ ಅಲ್ಲಪಾ ಅದು, ನನ್ನ ಗ್ವಾಡೆ. ಹೋದ ಮಳೆಗಾಲದಾಗೇ ನೀರು ಕುಡಿದು ಅದಕ್ಕೆ ಜ್ವರ ಬಂದಿತ್ತು. ನನ್ನ ಕೈಗೆ ಗೊತ್ತಾಗಿತ್ತು. ನಿನ್ನ ಹೆಂಡ್ತಿ ಒಲಿಕಟ್ಟೆ ಆತುಕೊಂಡೈತಲ್ಲ, ಈ ವರ್ಷ ತಡೀತೈತೆ, ಮುಂದಿನ ವರ್ಷ ನೋಡಾನ ಅಂತ ಸುಮ್ನಾದೆ. ಜಿಪುಣತನ ನಂದು. ನೀನು ಒಲಿ ಕಿತ್ತು ಬುಡಕ್ಕೆ ನೀರು ಸುರೀತೀಯ ಅಂತ ನಂಗೇನ್ ಗೊತ್ತು? ಲೋಕದಾಗೆ ಯಾರಾದ್ರೂ ಒಲಿ ಕೀಳ್ತಾರೇನೋ ಹುಚ್ಚಾ?"

"ಕೊನೀ ಮನಿಯೋನ ಒಲಿಗೆ ದುಡ್ಡು ಹಿಡಕಂಡ್ರಿ ಅಂತ ಇವನೇ ಹೇಳಿದ್ದ," ಎಂದು ಹಮಾಲನ ಕಡೆ ಕೈ ಮಾಡಿದೆ.

"ಒಲಿಗಲ್ಲ. ಒಲಿಯಾಗೆ ಬೂದಿ ಬಿಟ್ಟು ಹೋಗಿದ್ದ, ಅದಕ್ಕೆ," ಎಂದರು. ಹಮಾಲ ನೆಲ ನೋಡಿದ.

ಅವರು ತಮ್ಮ ಮನೆಯೊಳಗೆ ಹೋಗಿ ಒಂದು ಬಟ್ಟೆಯ ಗಂಟು, ಒಂದು ಇಕ್ಕಳ ತಂದರು. ಅರ್ಧ ನಿಂತಿದ್ದ ನಮ್ಮ ಮನೆಯೊಳಗೆ, ಬ್ಯಾಡ ಬ್ಯಾಡ ಎಂದು ಎಲ್ಲರೂ ಕೂಗುತ್ತಿದ್ದರೂ ಹೋಗಿ, ಮುಂದಿನ ಗೋಡೆಯ ಮೊಳೆಯನ್ನು ಇಕ್ಕಳದಿಂದ ಎಳೆದು ತಂದರು. ಗಂಟು ಬಿಚ್ಚಿದರು. ನನಗೆ ಆದ ಎರಡನೇ ಆಘಾತ ಅದು. ಅದೇ ನೋಟುಗಳು. ನಾನು ಕೊಟ್ಟವೇ. ಅರಿಶಿನ ಹತ್ತಿದ ನೋಟು ಮೇಲೆಯೇ ಇತ್ತು. ಇಷ್ಟು ವರ್ಷದಲ್ಲಿ ಅದರೊಳಗಿನ ಒಂದು ರೂಪಾಯಿಯನ್ನೂ ಅವರು ಮುಟ್ಟಿರಲಿಲ್ಲ.

"ಇದೇನು ದೊಡ್ಡಮ್ಮ, ಖರ್ಚೇ ಮಾಡಿಲ್ಲ?"

"ನನ್ನ ದುಡ್ಡೇನು ಇದು? ನೀವು ನನ್ನ ಮನ್ಯಾಗೆ ಬಾಡಿಗಿಗಿದ್ರಿ. ನಿಮ್ಮ ದುಡ್ಡು ನನ್ನ ಪೆಟ್ಟಿಗ್ಯಾಗೆ ಬಾಡಿಗಿಗಿತ್ತು. ಬಂದಾಗ ಹೆಂಗಿತ್ತೋ ಹೋಗೋವಾಗ ಹಂಗೇ ಇರ್ಬೇಕು."

ನೋಟುಗಳನ್ನು ನನ್ನ ಹೆಂಡತಿಯ ಕೈಗಿಟ್ಟರು, ನನ್ನ ಕೈಗಲ್ಲ. ಆಮೇಲೆ ನನ್ನ ಕಡೆ ತಿರುಗಿ ಅಂಗೈ ಚಾಚಿದರು.

"ಎಂಟಾಣೆ."

ಅವರ ಗೋಡೆ ನೆಲಕ್ಕೆ ಬಿದ್ದಿದೆ, ಅರ್ಧ ಮಾಡಿನ ಹಂಚು ಪುಡಿಯಾಗಿದೆ, ಮತ್ತು ಈ ಹೆಂಗಸು ಎಂಟಾಣೆ ಕೇಳುತ್ತಿದ್ದಾರೆ! ನಾನು ಬಿಟ್ಟ ಬಾಯಿ ಬಿಟ್ಟಂತೆಯೇ ಜೇಬಿನಿಂದ ತೆಗೆದು ಕೊಟ್ಟೆ. ಅವರು ಮೊಳೆಯನ್ನು ನನ್ನ ಕೈಗೆ ಹಾಕಿ ಬೆರಳು ಮಡಿಸಿದರು.

"ಗ್ವಾಡೆ ನಂದು, ಮೊಳೆ ನಿಂದು. ತಗಂಡ್ಹೋಗು."

ಸೋಮವಾರ ಹರಿಹರದ ಮನೆಗೆ ಮುಂಗಡ ಕೊಟ್ಟೆ. ಅಲ್ಲಿ ಆ ಮೊಳೆ ಹೊಡೆಯುವ ಮುಂಚೆ ಮನೆಯವರನ್ನು ಕೇಳಿದೆ. ಅವರಿಗೆ ನಗು ಬಂತು.

ಆರೇಳು ವರ್ಷ ಕಳೆದ ಮೇಲೆ ಸುದ್ದಿ ಬಂತು, ದೊಡ್ಡಮ್ಮ ಹೋದರು ಎಂದು. ಪಾಳಿ ಬಿಟ್ಟು ಬಸ್ಸು ಹಿಡಿದೆ. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ವಠಾರ ಹಾಗೇ ಇತ್ತು. ಹಮಾಲ ಮುದುಕನಾಗಿದ್ದ. ನನ್ನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಹೇಳಿದ:

"ಹೋದ ವಾರ ನಮ್ಮನ್ನೆಲ್ಲ ಹಾಸಿಗಿ ಹತ್ರ ಕರಸಿದ್ಲು ಕಣಪಾ. ಒಬ್ಬೊಬ್ರ ಗಂಟೂ ಬ್ಯಾರೆ ಬ್ಯಾರೆ ಇಟ್ಟಿದ್ಲು. ಎಲ್ರದೂ ವಾಪಸ್ ಕೊಟ್ಲು. ನಾವು ದಂಗಾದ್ವಿ. ದೊಡ್ಡಮ್ಮ, ನಾವ್ಯಾರೂ ಮನಿ ಬಿಡ್ತಾ ಇಲ್ಲಲ್ಲ, ಈಗ್ಯಾಕ ಅಂದೆ. ಅದಕ್ಕೇನಂದ್ಲು ಗೊತ್ತಾ? 'ನೀವು ಬಿಡ್ತಿಲ್ಲ. ಈ ಸಲ ಬಿಡ್ತಿರೋಳು ನಾನು' ಅಂದ್ಲು."

ನಾನು ಕೇಳಿದೆ.

"ಮೊಳೆಗೆ ಹಿಡಕಂಡ್ರಾ?"

"ಹಿಡೀದೆ ಬಿಡ್ತಾಳಾ? ನಂದು ಎರಡು ಮೊಳೆ. ಒಂದು ರೂಪಾಯಿ."

ಇಬ್ಬರೂ ನಕ್ಕೆವು. ನಗುತ್ತಲೇ ಅವನು ಅತ್ತ.

ಹೊರಡುವ ಮುಂಚೆ ನಮ್ಮ ಹಳೆಯ ಮನೆಯ ಹಿಂದಕ್ಕೆ ಹೋದೆ. ಅವರು ಮತ್ತೆ ಕಟ್ಟಿಸಿದ ಗೋಡೆ ನಿಂತಿತ್ತು, ಈ ಸಲ ಕಲ್ಲಿನದು. ಒಳಗೆ ಯಾರೋ ಒಲೆ ಹಚ್ಚಿದ್ದರು. ನಾನು ಗೋಡೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ. ಬೆಚ್ಚಗಿತ್ತು. ಜ್ವರದ ಬಿಸಿಯೋ ಒಲೆಯ ಬಿಸಿಯೋ, ಹೇಳುವ ಕೈ ನನ್ನದಲ್ಲ.