ನಾನು ಅಚ್ಚಿಗೆ ಕಳಿಸದ ಉತ್ತರ

ಇಮಾಮ್ ಸಾಹೇಬರು ಕೇಳಿದಾಗ ನಾನು “ನನಗೆ ನೆನಪಿಲ್ಲ” ಎಂದೆ. ಅದು ಸುಳ್ಳು. ನನಗೆ ಎಲ್ಲವೂ ನೆನಪಿತ್ತು. ಈಗಲೂ ಇದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣಗಳಿಂದ ಶುರುಮಾಡಿದರೆ — ನನ್ನ ಗುಣ ನನಗೆ ಗೊತ್ತು — ಅವುಗಳನ್ನು ಅಂದವಾಗಿ ಜೋಡಿಸಿಟ್ಟು ತಪ್ಪನ್ನು ಅವುಗಳ ಹಿಂದೆ ಕೂರಿಸಿಬಿಡುತ್ತೇನೆ.

ರಾಜ್ಯ ಒಂದಾದ ಮರುವರ್ಷದ ಮಾತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದು ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ದೊಡ್ಡಪ್ಪ ಬೆಲ್ಲದ ವ್ಯಾಪಾರಿ, ಶಾಲೆಯ ಕಮಿಟಿಯ ಸದಸ್ಯರು, ಊರಿನ ವಾಚನಾಲಯಕ್ಕೂ ಅವರೇ ಅಧ್ಯಕ್ಷರು. ಆ ವರ್ಷ ವಾಚನಾಲಯದವರು ಹೊರಗಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದರು. ವಿಷಯ — ಇಸ್ಲಾಂ ಮತ್ತು ಹಿಂಸೆ.

ಸುದ್ದಿ ಶಿರಾಳಕೊಪ್ಪಕ್ಕೆ ಮುಟ್ಟಿತು. ಅಲ್ಲಿಯ ಮುಸಲ್ಮಾನ ತರುಣರು ಕೆಲವರು ಈ ಸಭೆ ನಡೆಯಲು ಬಿಡುವುದಿಲ್ಲ ಎಂದರಂತೆ. ಅವರನ್ನು ತಡೆದವರು ಇಮಾಮ್ ಸಾಹೇಬರು. ಇಮಾಮ್ ಎಂಬುದು ಅವರ ಹೆಸರಷ್ಟೇ; ಶಿರಾಳಕೊಪ್ಪದ ಸಂತೆಬೀದಿಯಲ್ಲಿ ಅವರದು ಬಟ್ಟೆ ಅಂಗಡಿ. ಸುತ್ತಿನ ಹಳ್ಳಿಗಳ ಮದುವೆ ಜವಳಿಯೆಲ್ಲ ಅಲ್ಲಿಂದಲೇ. ಚೆನ್ನಾಗಿ ಕನ್ನಡ ಮಾತಾಡುತ್ತಿದ್ದರು. ಚೆನ್ನಾಗಿ ಮಾತಾಡುತ್ತೇನೆಂಬುದು ಅವರಿಗೂ ಗೊತ್ತಿತ್ತು. ಚಿಕ್ಕವರಿದ್ದಾಗ ತೊಗರ್ಸಿ ಕಡೆಯ ಒಂದು ಮಠದ ಜಗಲಿಯಲ್ಲಿ, ಒಬ್ಬ ಮುದಿ ಶಾಸ್ತ್ರಿಗಳ ಹತ್ತಿರ ಅಕ್ಷರ ಕಲಿತವರು. ಯಾರು ಸಿಕ್ಕರೂ ಆ ಮಾತನ್ನು ಹೇಳದೆ ಬಿಡುತ್ತಿರಲಿಲ್ಲ.

ಅವರು ಆ ತರುಣರಿಗೆ ಹೇಳಿದ್ದು ಇಷ್ಟು: ನೀವು ಒಬ್ಬರೂ ಬರಬೇಡಿ, ನಾನೊಬ್ಬನೇ ಹೋಗಿ ಉತ್ತರ ಕೊಟ್ಟು ಬರುತ್ತೇನೆ, ಉತ್ತರ ಸಾಲದಿದ್ದರೆ ಆಮೇಲೆ ನನ್ನನ್ನು ಕೇಳಿ. ಅವರು ಒಪ್ಪಿದರು. ಅವರಲ್ಲಿ ಎಲ್ಲರಿಗಿಂತ ಬಿಸಿಯಾಗಿದ್ದವನು ಸಾಹೇಬರ ತಂಗಿಯ ಮಗ ರಹಮಾನ್. ಅವನೂ ಒಪ್ಪಿದ.

ಹೀಗಾಗಿ ಅಂದಿನ ಸಭೆಯಲ್ಲಿ ಅವರ ಜನ ಯಾರೂ ಇರಲಿಲ್ಲ. ಇದನ್ನು ಓದುವವರು ಗಮನಿಸಬೇಕು. ಎಲ್ಲವೂ ಇದರ ಮೇಲೆಯೇ ನಿಂತಿತು.

ಭಾಷಣಕಾರರು ಬಹಳ ಹೊತ್ತು ಮಾತಾಡಿದರು. ಒಳ್ಳೆಯ ವಾಗ್ಮಿ. ಕತ್ತಿಯಿಂದ ಹರಡಿದ ಮತ, ಟೀಕೆ ಸಹಿಸದ ಮತ, ಪ್ರಶ್ನೆಗೆ ಏಟಿನಿಂದ ಉತ್ತರ ಕೊಡುವ ಮತ ಎಂದರು. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಜಿಲ್ಲೆಯ ಒಂದು ವಾರಪತ್ರಿಕೆಗೆ ಸಭೆಯ ವರದಿ ಕಳಿಸುವ ಕೆಲಸವನ್ನು ದೊಡ್ಡಪ್ಪ ನನಗೆ ವಹಿಸಿದ್ದರು. ಚೆನ್ನಾಗಿ ಬರೆಯುತ್ತಾಳೆ ಎಂಬ ಹೊಗಳಿಕೆ ನನಗೆ ಹಿಡಿಸುವುದಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಹಿಡಿಸುತ್ತಿತ್ತು.

ಆಮೇಲೆ ಸಾಹೇಬರು ಎದ್ದರು. ಎದ್ದವರು ತಮ್ಮ ಜಾಗದಲ್ಲಿ ನಿಲ್ಲಲಿಲ್ಲ. ಮೇಜನ್ನು ಸುತ್ತುಹಾಕಿ ಭಾಷಣಕಾರರ ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತರು. ಹಳಬರಿಗೆ ತಕ್ಷಣ ಅರ್ಥವಾಯಿತು. ನನಗೂ ಆಯಿತು — ನಮ್ಮ ಅಜ್ಜ ಇದನ್ನು ನೂರು ಸಲ ಮಾಡಿ ತೋರಿಸಿದ್ದರು. ಅದು ಮಠದ ಶಾಲೆಗಳ ಪದ್ಧತಿ. ಎದುರಾಳಿಗೆ ಉತ್ತರ ಕೊಡುವ ಮೊದಲು ಅವನ ಕಡೆ ನಿಂತು ಅವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು, ಅದು ಪೂರ್ವಪಕ್ಷ. ಅವನು ‘ಹೌದು, ನನ್ನ ಮಾತು ಇದೇ’ ಎಂದು ಒಪ್ಪಿದ ಮೇಲೆ ಈಚೆ ಬಂದು ಉತ್ತರ ಶುರುಮಾಡಬೇಕು.

ಸಾಹೇಬರು ಹೇಳಿದ ಪೂರ್ವಪಕ್ಷ ಭಾಷಣಕ್ಕಿಂತ ಗಟ್ಟಿಯಾಗಿತ್ತು. ದೇವರ ಹೆಸರು ಹೇಳಿ ಗುಡಿ ಒಡೆದ ದೊರೆಗಳಿದ್ದರು, ದೇಶ ಒಡೆದ ದಿನಗಳಲ್ಲಿ ಅದೇ ಹೆಸರು ಹೇಳಿ ಕೊಂದವರಿದ್ದರು, ಪೈಗಂಬರರ ಬಗ್ಗೆ ಒಂದು ಮಾತು ಕೇಳಿದರೆ ಕೈ ಎತ್ತುವವರು ಇಂದಿಗೂ ಇದ್ದಾರೆ — ಇಷ್ಟೆಲ್ಲ ಇರುವಾಗ ಈ ಮತವೇ ಹಿಂಸೆಯ ಮತ ಎನ್ನದೆ ಇನ್ನೇನೆನ್ನಬೇಕು? ಹೀಗೆ ಕೇಳಿ ಭಾಷಣಕಾರರ ಕಡೆ ತಿರುಗಿದರು.

“ಇಷ್ಟೇ ಅಲ್ಲೇನ್ರಿ ನಿಮ್ಮ ಮಾತು? ಏನಾದ್ರೂ ಬಿಟ್ಟಿದ್ರೆ ಹೇಳ್ರಿ, ಅದನ್ನೂ ಸೇರಿಸ್ತೀನಿ. ಬಟ್ಟೆ ಅಳತೇಲಿ ಮೋಸ ಮಾಡೋನಲ್ಲ ನಾನು.”

ಸಭೆ ನಕ್ಕಿತು. ಭಾಷಣಕಾರರೂ ನಕ್ಕು, ಏನೂ ಬಿಟ್ಟಿಲ್ಲ ಎಂದರು. ಚಪ್ಪಾಳೆಯಾಯಿತು. ಹಳ್ಳಿಯವರು ಕೆಲವರು ಬಸ್ಸಿಗೆ ಹೊತ್ತಾಯಿತೆಂದು ಆಗಲೇ ಎದ್ದುಹೋದರು.

ಸಾಹೇಬರು ಮೇಜು ಸುತ್ತಿ ಈಚೆ ಬಂದರು. ಅವರ ಉತ್ತರವನ್ನು ಮುಂದೆ ಬರೆಯುತ್ತೇನೆ. ಅಂದು ಬರೆಯಬೇಕಾಗಿದ್ದ ಜಾಗದಲ್ಲಿ ನಾನು ಬರೆಯಲಿಲ್ಲ.

ಇಲ್ಲ — ಬರೆದೆ. ಇಲ್ಲಿಯೂ ಸರಿಯಾಗಿ ಹೇಳಬೇಕು. ಬರೆದೆ, ಪೂರ್ತಿ ಬರೆದೆ. ವರದಿಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಉದ್ದವಾಯಿತು, ಅರ್ಧ ಮಾಡು ಎಂದರು. ಯಾವ ಅರ್ಧ ಎಂದು ಅವರು ಹೇಳಲಿಲ್ಲ. ಭಾಷಣವನ್ನು ಕಡಿಮೆ ಮಾಡಬಹುದಾಗಿತ್ತು. ನಾನು ಭಾಷಣವನ್ನು ಇಟ್ಟುಕೊಂಡೆ, ಸಾಹೇಬರ ಪೂರ್ವಪಕ್ಷವನ್ನು ಇಟ್ಟುಕೊಂಡೆ, ಉತ್ತರವನ್ನು ತೆಗೆದೆ. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ‘ಶಿರಾಳಕೊಪ್ಪದ ಮುಸ್ಲಿಂ ಗೃಹಸ್ಥರೊಬ್ಬರು ಈ ಅಂಶಗಳನ್ನು ಸಭೆಯಲ್ಲಿ ತಾವೇ ಎತ್ತಿ ಹೇಳಿದ್ದು ಮೆಚ್ಚತಕ್ಕದ್ದಾಗಿತ್ತು.’

ಆ ವಾಕ್ಯದಲ್ಲಿ ಸುಳ್ಳಿನ ಒಂದು ಅಕ್ಷರವೂ ಇಲ್ಲ. ಅದನ್ನು ಹಾಗೆ ಕೂಡಿಸಲು ನಾನು ಎಷ್ಟೋ ಹೊತ್ತು ತೆಗೆದುಕೊಂಡೆ.

ಏಕೆ? ಅವರ ಉತ್ತರ ನನಗೆ ಹಿಡಿಸಲಿಲ್ಲವೆಂದಲ್ಲ. ಹಿಡಿಸಿತ್ತು — ಅದೇ ಕಿರಿಕಿರಿ. ಓದಿದವಳು ನಾನು; ಆ ಭಾಷಣ ಕೇಳಿ ತಲೆದೂಗಿದ್ದೆ. ಅಂಗಡಿಯವರೊಬ್ಬರು ಅದನ್ನು ಎತ್ತಿ ನೋಡಿ ಕೆಳಗಿಟ್ಟಾಗ ನನ್ನ ತಲೆದೂಗಾಟವೂ ಅದರ ಜೊತೆ ಕೆಳಗಿಳಿದ ಹಾಗಾಯಿತು. ಇಷ್ಟೇ ಇರಬಹುದು. ಇನ್ನೂ ಏನೋ ಇರಬಹುದು. ಹುಡುಕಿದ್ದೇನೆ.

ಪತ್ರಿಕೆ ಶಿರಾಳಕೊಪ್ಪಕ್ಕೆ ಹೋಯಿತು. ಸಭೆಗೆ ಬಾರದೆ ಮಾತು ಉಳಿಸಿಕೊಂಡಿದ್ದ ತರುಣರು ಅದನ್ನು ಓದಿದರು. ಸಾಹೇಬರು ಉತ್ತರ ಕೊಡಲು ಹೋಗಿ ಎಲ್ಲವನ್ನೂ ಒಪ್ಪಿ ಬಂದಿದ್ದಾರೆ ಎಂದು ಅವರಿಗೆ ಕಂಡಿತು. ಬೇರೆ ಹೇಗೆ ಕಾಣಬೇಕಿತ್ತು?

ಸಾಹೇಬರು ನೇರ ದೊಡ್ಡಪ್ಪನ ಹತ್ತಿರ ಬಂದರು. ಅಂದು ನಾನು ಮನೆಯಲ್ಲೇ ಇದ್ದೆ. ಕೋಪದಲ್ಲಿದ್ದರು, ಆದರೂ ಕೊಟ್ಟ ಚಹಾ ಕುಡಿದರು. ಸಭೆಯಲ್ಲಿ ತಾವು ಉತ್ತರ ಕೊಟ್ಟದ್ದನ್ನು ತಮ್ಮ ಮಸೀದಿಯ ಜಮಾತಿನವರ ಮುಂದೆ ಯಾರಾದರೂ ಬಂದು ಹೇಳಬೇಕು ಎಂದು ಕೇಳಿದರು. ದೊಡ್ಡಪ್ಪ, ಬರೆದುಕೊಂಡವಳು ಇವಳೇ, ಇವಳನ್ನೇ ಕೇಳಿ ಎಂದುಬಿಟ್ಟರು. ದೊಡ್ಡಪ್ಪನ ಮುಖವನ್ನು ನಾನು ನೋಡಿದೆ. ಹೌದೆಂದು ಹೇಳಬೇಡ ಎಂಬ ಸನ್ನೆಯೇನೂ ಅಲ್ಲಿರಲಿಲ್ಲ. ಇತ್ತೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ.

“ಅಕ್ಕೋರೆ, ನೀವು ಓದಿದೋರು. ನಿಮ್ಮ ಮಾತು ನಮ್ಮೋರು ನಂಬ್ತಾರೆ. ನಾನು ಈಚೆ ಬಂದು ನಿಂತು ಉತ್ತರ ಹೇಳಿದ್ನೋ ಇಲ್ಲೋ, ಅಷ್ಟು ಹೇಳ್ರಿ ಸಾಕು.”

“ನನಗೆ ನೆನಪಿಲ್ಲ,” ಎಂದೆ.

ಅವರು ಬಟ್ಟಲನ್ನು ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ. ದೊಡ್ಡಪ್ಪನಿಗೆ ನಮಸ್ಕಾರ ಹೇಳಿ ಹೊರಟುಹೋದರು. ಅವರು ಹೋದ ಮೇಲೆ ದೊಡ್ಡಪ್ಪ, “ಅಲ್ಲವ್ವಾ, ನಂಗೇ ನೆನಪೈತಲ್ಲ?” ಎಂದರು. ನಾನು ಒಳಗೆ ಹೋದೆ. ಅವರೂ ಮುಂದೆ ಆ ಮಾತೆತ್ತಲಿಲ್ಲ. ಮನೆಯ ಹೆಣ್ಣುಮಗಳು ಹೇಳಿದ್ದನ್ನು ಸುಳ್ಳೆನ್ನಲು ಅವರು ಶಿರಾಳಕೊಪ್ಪಕ್ಕೆ ಹೋಗುವವರಾಗಿರಲಿಲ್ಲ. ನನ್ನ ಮಾತು ಅವರ ಬಾಯನ್ನೂ ಕಟ್ಟಿತು. ಅಧ್ಯಕ್ಷರೇ ಬಾಯಿಬಿಡದ ಮೇಲೆ ಸಭೆಯಲ್ಲಿದ್ದ ಬೇರೆ ಯಾರೂ ಬಿಡಲಿಲ್ಲ.

ಮುಂದಿನದು ಬೇಗ ನಡೆಯಿತು. ಯಾರೋ ನನ್ನ ವರದಿಯ ಆ ಭಾಗವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರು. ಶಿರಾಳಕೊಪ್ಪದ ಸಂತೆಯ ದಿನ ಗೋಡೆಗಳ ಮೇಲೆ ಅಂಟಿಸಿದರು. ಅಂಟಿಸಿದವನು ಈರಪ್ಪ. ಟೂರಿಂಗ್ ಟಾಕೀಸಿನ ಸಿನಿಮಾ ಪೋಸ್ಟರುಗಳನ್ನು ಅಂಟಿಸುತ್ತಿದ್ದವನು, ಕೂಲಿ ಕೊಟ್ಟವರ ಕಾಗದವನ್ನೂ ಅಂಟಿಸಿದ. ತರುಣರು ಬಂದರು. ಮೊದಲು ಕಾಗದ ಹರಿದರು, ಆಮೇಲೆ ಅವನನ್ನು ಹಿಡಿದರು. ಸಾಹೇಬರು ಅಂಗಡಿಯಿಂದ ಓಡಿಬಂದು ನಡುವೆ ನಿಂತರಂತೆ, ಬಿಡ್ರೋ ಎಂದು ಕೂಗಿದರಂತೆ. ರಹಮಾನ್ ಅವರನ್ನು ಪಕ್ಕಕ್ಕೆ ಸರಿಸಿ ಹೇಳಿದ್ದನ್ನು ಸಂತೆಯಲ್ಲಿದ್ದ ನಮ್ಮ ಶಾಲೆಯ ಆಯಾ ಕೇಳಿಸಿಕೊಂಡು ಬಂದಿದ್ದಳು.

“ನೀವು ಸುಮ್ನಿರಿ ಮಾಮು. ನೀವು ಮಾತಾಡಿದ್ದು ನೋಡಿದ್ವಲ್ಲ, ಗೋಡೆ ಮೇಲೇ ಐತಿ.”

ಈರಪ್ಪನ ಬಲಗೈ ಮೊಣಕೈಯಲ್ಲಿ ಮುರಿಯಿತು. ಪೊಲೀಸರು ಬಂದರು, ಕೇಸಾಯಿತು, ಮುಂದೆ ರಾಜಿಯೂ ಆಯಿತು. ಶಿಕಾರಿಪುರದಲ್ಲಿ ಜನ, ನೋಡಿದಿರಾ, ಭಾಷಣದಲ್ಲಿ ಹೇಳಿದ್ದು ನಿಜವೇ ಆಯಿತಲ್ಲ ಎಂದು ಮಾತಾಡಿಕೊಂಡರು. ಶಾಲೆಯ ಕೋಣೆಯಲ್ಲಿ ಅದು ನನ್ನ ಕಿವಿಗೂ ಬಿತ್ತು. ನಾನು ಹುಡುಗಿಯರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಿದ್ದುವುದನ್ನು ನಿಲ್ಲಿಸಲಿಲ್ಲ.

ಸಾಹೇಬರನ್ನು ಆಮೇಲೆ ಯಾರೂ ಪಂಚಾಯ್ತಿಗೆ ಕರೆಯಲಿಲ್ಲ. ಜಗಳಕ್ಕೆ ಹೊರಟವರನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ಮಾತಾಡಿಸಿ ಮನೆಗೆ ಕಳಿಸುವವರು ಆ ಊರಲ್ಲಿ ಅವರೊಬ್ಬರೇ ಇದ್ದರು. ಈಗ ಅವರೂ ಇಲ್ಲದಂತಾಯಿತು — ಇದ್ದಾರೆ, ಬಟ್ಟೆ ಅಳೆಯುತ್ತಾರೆ, ಅಷ್ಟೇ.

ನನಗೆ ಕಾಯಂ ಆಯಿತು. ವರ್ಷ ಕಳೆದ ಮೇಲೆ ಸೊರಬದ ಹೈಸ್ಕೂಲಿನಲ್ಲಿ ಜಾಗ ಸಿಕ್ಕಿ ಇಲ್ಲಿಗೆ ಬಂದೆ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಹಿತವಾಗಿತ್ತು, ಬಹಳ ಹಿತವಾಗಿತ್ತು. ಹೀಗಿರುವಾಗ ಕಳೆದ ತಿಂಗಳು ಶಾಲೆಯ ಚರ್ಚಾಕೂಟದಲ್ಲಿ ಉಳವಿಯಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು, ಮುಸಲ್ಮಾನ ಪಂಡಿತರೊಬ್ಬರೇ ಒಪ್ಪಿಕೊಂಡಿದ್ದಾರೆ ಎಂದು ಶುರುಮಾಡಿ ನನ್ನ ವರದಿಯ ಸಾಲುಗಳನ್ನು ಬಾಯಿಪಾಠವಾಗಿ ಹೇಳಿದಳು. ಚೆನ್ನಾಗಿ ಹೇಳಿದಳು. ಎಲ್ಲಿ ಓದಿದೆ ಎಂದು ಕೇಳಿದೆ. ಅಪ್ಪ ಹೇಳಿಕೊಟ್ಟರು, ಎಲ್ಲರಿಗೂ ಗೊತ್ತಿರೋದೇ ಅಲ್ವಾ ಟೀಚರ್ ಎಂದಳು.

ಆ ಭಾನುವಾರ ಶಿರಾಳಕೊಪ್ಪದ ಬಸ್ಸು ಹತ್ತಿದೆ.

ಸಾಹೇಬರು ಅಂಗಡಿಯಲ್ಲಿದ್ದರು. ಗುರುತು ಹಿಡಿದರು. ಗಿರಾಕಿಯೊಬ್ಬಳಿಗೆ ಸೀರೆ ತೋರಿಸುತ್ತಿದ್ದರು. ಅವಳು ಒಪ್ಪುವತನಕ ನಾನು ಬೆಂಚಿನ ಮೇಲೆ ಕೂತಿರಬೇಕಾಯಿತು. ಅವಳು ಬೇಗ ಒಪ್ಪಲಿಲ್ಲ. ಕೊನೆಗೆ ಅವಳು ಹೋದ ಮೇಲೆ ನಾನು ಹೇಳಿದೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯಗಳು ಒಂದೂ ಬರಲಿಲ್ಲ. ನೆನಪಿತ್ತು, ಸುಳ್ಳು ಹೇಳಿದೆ, ತಪ್ಪಾಯಿತು — ಇಷ್ಟು ಬಂತು.

ಅವರು ಬಿಚ್ಚಿದ ಸೀರೆಗಳನ್ನು ಮಡಚುತ್ತಲೇ ಇದ್ದರು.

“ನನಗ್ಯಾಕೆ ಹೇಳ್ತೀರಿ ಅಕ್ಕೋರೆ? ನಾನು ಏನು ಮಾತಾಡಿದೆ ಅಂತ ನನಗೆ ಗೊತ್ತಿತ್ತಲ್ಲ. ಗೊತ್ತಿಲ್ಲದೋರಿಗೆ ಹೇಳ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಜಮಾತಿನವರ ಮುಂದೆ ಹೇಳಲು ಸಿದ್ಧ, ನೀವೂ ಬರುತ್ತೀರಾ ಎಂದಾಗ ಮಾತ್ರ ಅವರು ತಲೆಯೆತ್ತಿದರು.

“ನಾನು ಬರಲ್ಲ. ನಾನಿದ್ರೆ ಮುಲಾಜಿಗೆ ಹೇಳಿದ್ಲು ಅಂತಾರೆ. ಹಂಗೇ ಇನ್ನೊಂದು. ನಾನು ಭಾಳ ಚೆನ್ನಾಗಿ ಮಾತಾಡಿದೆ ಅಂತ ಸೇರಿಸಬ್ಯಾಡ್ರಿ. ಹೇಳಿದ್ದಷ್ಟೇ ಹೇಳ್ರಿ.”

ಆದ್ದರಿಂದ ಅವರು ಹೇಳಿದ್ದಷ್ಟು.

ಮೇಜಿನ ಈಚೆ ಬಂದು ನಿಂತು ಇಮಾಮ್ ಸಾಹೇಬರು ಹೇಳಿದರು: ಕೊಂದದ್ದು ನಿಜ, ಒಡೆದದ್ದು ನಿಜ; ಅದನ್ನು ಅಲ್ಲಗಳೆದರೆ ನಾನು ಇಲ್ಲಿಗೆ ಬಂದದ್ದೇ ದಂಡ. ಆದರೆ ಒಬ್ಬ ಒತ್ತುವರಿ ಮಾಡಿದರೆ ಶಾನುಭೋಗರು ಇಡೀ ಊರಿನ ಪಹಣಿ ತಿದ್ದುವುದಿಲ್ಲ. ಮಾಡಿದವನ ಹೆಸರಿಗೆ ಬರೆಯುತ್ತಾರೆ. ನಮ್ಮವರು ಮಾಡಿದ್ದನ್ನು ಮಾಡಿದವರ ಹೆಸರಿಗೆ ಬರೆಯಿರಿ, ನಾನೇ ಸಾಕ್ಷಿ ಹಾಕುತ್ತೇನೆ. ನಿಮ್ಮವರದ್ದನ್ನೂ ಹಾಗೆಯೇ ಬರೆಯೋಣ. ಇನ್ನು ಟೀಕೆಯ ಮಾತು. ನಮ್ಮ ಪೈಗಂಬರರ ಮೇಲೆ ಬೀದಿಯಲ್ಲಿ ಮಣ್ಣು ಎರಚಿದವರಿದ್ದರು. ಅವರು ಮನೆಗೆ ಹೋಗಿ ತೊಳೆದುಕೊಂಡರು. ತಮಗಾದ ಅವಮಾನಕ್ಕೆ ಅವರೇ ಕೈಯೆತ್ತಲಿಲ್ಲ. ಅವರ ಪರವಾಗಿ ಎತ್ತಲು ನನಗೆ ಅಧಿಕಾರ ಕೊಟ್ಟವರು ಯಾರು? ಟೀಕೆ ಮಾಡಿದವರಿಗೆ ಉತ್ತರ ಇದ್ದರೆ ಕೊಡಬೇಕು. ಇಲ್ಲದಿದ್ದರೆ ಮನೆಗೆ ಹೋಗಿ ಯೋಚಿಸಬೇಕು. ಮೂರನೆಯ ದಾರಿ ಹಿಡಿದವನು ನನ್ನ ಮತವನ್ನು ಕಾಯುತ್ತಿಲ್ಲ, ಅವಮಾನ ಮಾಡುತ್ತಿದ್ದಾನೆ. ಈ ಮಾತನ್ನು ನಮ್ಮೂರಿನಲ್ಲೂ ಹೇಳಿ ಬಂದಿದ್ದೇನೆ. ಅದಕ್ಕೇ ಇಂದು ಒಬ್ಬನೇ ಬಂದದ್ದು.

ಇದು ಅವರ ಉತ್ತರ. ನಾನು ಕೇಳಿದ್ದೆ, ಬರೆದಿದ್ದೆ, ತೆಗೆದಿದ್ದೆ.

ಆ ವಾರಪತ್ರಿಕೆಯವರು ಹಳೆಯ ವಿಷಯಕ್ಕೆ ಜಾಗವಿಲ್ಲ ಎಂದರು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ನನಗೆ ಹೇಳಲು ಬಿಡುತ್ತೇವೆಂದು ಜಮಾತಿನ ಹಿರಿಯರು ಒಪ್ಪಿದ್ದಾರೆ. ಒಳಗಲ್ಲ, ಹೊರಗೆ ಬೀದಿಯಲ್ಲಿ, ಎಲ್ಲರೂ ಕೇಳುವಂತೆ. ರಹಮಾನ್ ಇರುತ್ತಾನೆಂದು ತಿಳಿಯಿತು. ತರಗತಿಯ ಹೊರಗೆ ನಾಲ್ಕು ಜನರ ಮುಂದೆ ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಅದು ಕೇಳಲು ನಿಲ್ಲುವವರ ಚಿಂತೆಯಲ್ಲ.

ಈರಪ್ಪನ ಮನೆಗೂ ಹೋಗಿದ್ದೆ. ಅವನ ಕೈ ಪೂರ್ತಿ ಚಾಚಲು ಬರುವುದಿಲ್ಲ. ಈಗ ಎಡಗೈಯಲ್ಲಿ ಅಂಟು ಬಳಿಯುತ್ತಾನೆ. ನನ್ನಿಂದ ಆದದ್ದು ಎಂದು ಹೇಳಿದಾಗ ಅವನಿಗೆ ಮೊದಲು ತಿಳಿಯಲೇ ಇಲ್ಲ, ಹೊಡೆದವರು ಬೇರೆಯವರಲ್ಲವಾ ಎಂದ. ಮತ್ತೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡ. ಶುಕ್ರವಾರ ಬಾ ಎಂದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.